ಯಂತ್ರದ ದಿನಚರಿ

ಹರಿದು ಹೋದ ನೀರು ಸಾಕ್ಷಿ ಹೇಳುವುದಿಲ್ಲ. ರಾತ್ರಿ ಯಾರೋ ಕಾಲುವೆಯ ಗೇಟನ್ನು ಒಂದು ಗೇಣು ಮೇಲೆತ್ತಿ, ಬೆಳಗಾಗುವುದರೊಳಗೆ ಇಳಿಸಿಬಿಟ್ಟರೆ ಮೇಲಿನ ಹೊಲ ತೋಯ್ದಿರುತ್ತದೆ. ಕೆಳಗಿನ ಹೊಲ ಒಣಗಿಯೇ ಇರುತ್ತದೆ. ಎತ್ತಿದವರಾರು? ಎಷ್ಟು ಹೊತ್ತು? ಯಾರ ಅಪ್ಪಣೆಯ ಮೇರೆಗೆ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು ಆ ಹೊತ್ತಿನಲ್ಲಿಯೇ ಬರೆದಿಟ್ಟ ದಾಖಲೆಯೊಂದೇ.

ವಿಜಯಪುರ ಜಿಲ್ಲೆಯವರಿಗೆ ಇದು ಬರಿಯ ಪುಸ್ತಕದ ಮಾತಲ್ಲ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆಲಮಟ್ಟಿಯಲ್ಲಿ, 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿನ ಶಂಕುಸ್ಥಾಪನೆ ಮಾಡಿದರು. ಅಲ್ಲಿಂದ ಬಿಟ್ಟ ಕೃಷ್ಣೆಯ ನೀರು ಮುದ್ದೇಬಿಹಾಳದ ಸೀಮೆಯನ್ನು ಹಾಯ್ದು ನಾರಾಯಣಪುರದ ಬಸವಸಾಗರದಲ್ಲಿ ನಿಲ್ಲುತ್ತದೆ. ಅದರ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆಯು ಸಿಂದಗಿ, ಇಂಡಿ ತಾಲ್ಲೂಕುಗಳ ಕಡೆಗೆ ಸಾಗುತ್ತದೆ. ತೊಗರಿಯ ಹೊಲಗಳೂ ನಿಂಬೆಯ ತೋಟಗಳೂ ಇರುವ ಈ ನಾಡಿನಲ್ಲಿ ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟುವುದೇ ದೊಡ್ಡ ಮಾತು.

ಮೊದಲು ಗೇಟುಗಳನ್ನು ಮನುಷ್ಯನೇ ತಿರುಗಿಸುತ್ತಿದ್ದನು. ಕೀಲಿಕೈ ಒಬ್ಬನ ಕೈಯಲ್ಲಿ, ವಹಿ ಕಚೇರಿಯಲ್ಲಿ. ಎಡದಂಡೆ ಕಾಲುವೆಯನ್ನು ವಿಸ್ತರಿಸಿ ನವೀಕರಿಸಿದ ಮೇಲೆ ಅದರ ಗೇಟುಗಳಿಗೆ ಸ್ವಯಂಚಾಲಿತ ವ್ಯವಸ್ಥೆ ಬಂದಿತು. ಸುಮಾರು 4,700 ಕೋಟಿ ರೂಪಾಯಿಗಳ ಈ ಯೋಜನೆಯು 2023ರ ಜನವರಿ 19ರಂದು ಉದ್ಘಾಟನೆಗೊಂಡಿತು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್; ಅದರ ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಪ್ರಯೋಜನ ಪಡೆಯಬೇಕಾದ ಹಳ್ಳಿಗಳು ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ 560.

ಸ್ವಯಂಚಾಲಿತ ಗೇಟು ಕೆಲಸ ಮಾಡುವ ರೀತಿಯನ್ನು ತಿಳಿಯುವುದು ಕಷ್ಟವಲ್ಲ. ನೀರಿನ ಮಟ್ಟವನ್ನು ಅಳೆಯುವ ಉಪಕರಣವೊಂದು ಅದರಲ್ಲಿರುತ್ತದೆ. ಅಳತೆಯು ನಿಸ್ತಂತುವಿನ ಮೂಲಕ ದೂರದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಇಷ್ಟು ನೀರು ಹರಿಯಲಿ ಎಂಬ ಆಜ್ಞೆ ಬಂದರೆ, ಆ ಪ್ರಮಾಣವನ್ನು ಕಾಯ್ದುಕೊಳ್ಳಲು ಗೇಟು ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ನಡುರಾತ್ರಿಯಲ್ಲಿ ಹತ್ತು ಸಲ ಅಲುಗಾಡಿದರೂ ನೋಡುವವರಿಲ್ಲ. ಹಾಗಾದರೆ ವಹಿಯಲ್ಲಿ ರುಜು ಹಾಕುವವರು ಯಾರು? ಈ ಕಾರಣದಿಂದಲೇ ಇಂತಹ ವ್ಯವಸ್ಥೆಗಳಲ್ಲಿ ಯಂತ್ರದ ಪ್ರತಿಯೊಂದು ಚಲನೆಯನ್ನೂ, ಅದಕ್ಕೆ ಕಾರಣವಾದ ಆಜ್ಞೆಯನ್ನೂ, ದಿನಾಂಕ ಮತ್ತು ವೇಳೆಯೊಡನೆ ತಾನಾಗಿ ದಾಖಲಿಸುವ ಏರ್ಪಾಡಿರುತ್ತದೆ. ಇದನ್ನು ಆಡಿಟ್ ಟ್ರೇಲ್ ಎನ್ನುತ್ತಾರೆ. ತಪಾಸಣೆಯ ಜಾಡು ಎಂದು ಹೇಳಬಹುದು.

ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಯಂತ್ರಗಳು ಬಂದಿವೆ. ಕೃತಕ ಬುದ್ಧಿಮತ್ತೆಯ ಏಜೆಂಟುಗಳೆಂದು ಅವುಗಳ ಹೆಸರು. ಗೇಟಿಗೆ ನಾವು ಪ್ರಮಾಣವನ್ನು ಹೇಳುತ್ತೇವೆ. ಏಜೆಂಟಿಗೆ ಗುರಿಯನ್ನು ಮಾತ್ರ ಹೇಳುತ್ತೇವೆ. ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂಬುದನ್ನು ಅದೇ ನಿರ್ಧರಿಸಿ ಪತ್ರ ಕಳುಹಿಸುತ್ತದೆ, ಕಡತ ತಿದ್ದುತ್ತದೆ, ಹಣ ಪಾವತಿಗೆ ಸೂಚನೆ ಕೊಡುತ್ತದೆ. ಆದುದರಿಂದ ಅದರ ದಿನಚರಿಯಲ್ಲಿ ಏನು ಮಾಡಿತು ಎಂಬುದಷ್ಟೇ ಇದ್ದರೆ ಸಾಲದು. ಆಗ ಅದರ ಮುಂದೆ ಯಾವ ಮಾಹಿತಿಯಿತ್ತು, ಯಾರು ಅಧಿಕಾರ ಕೊಟ್ಟಿದ್ದರು, ಯಾವ ಹೆಜ್ಜೆಗೆ ಮನುಷ್ಯನ ಒಪ್ಪಿಗೆ ಪಡೆಯಿತು, ಪರಿಣಾಮವೇನಾಯಿತು ಎಂಬುದೂ ಇರಬೇಕು. ಅದು ತಾನೇ ಹೇಳಿಕೊಳ್ಳುವ ಕಾರಣವನ್ನು ಬರೆದಿಡಬಹುದು, ಆದರೆ ಅದನ್ನೇ ನಂಬಿ ಕೂರಬಾರದು. ಆ ವಿವರಣೆ ನಿಜವಾದ ಕಾರಣಕ್ಕೆ ಹೊಂದದೆಯೂ ಇರಬಹುದು. ದಾಖಲೆ ಬರೆಯುವ ಭಾಗವು ಏಜೆಂಟಿನ ಕೈಗೆ ಎಟುಕದಂತೆ ಬೇರೆಯೇ ಇರಬೇಕು. ಇಲ್ಲವಾದರೆ ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾದೀತು.

ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಹಾಜರಿ ಪುಸ್ತಕದಲ್ಲಿ ತಪ್ಪಾಗಿ ಬರೆದುದನ್ನು ಬ್ಲೇಡಿನಿಂದ ಕೆರೆದು ತಿದ್ದಿದೆನು. ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, “ತಪ್ಪನ್ನು ಅಳಿಸಬೇಡಿರಿ. ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ರುಜು ಹಾಕಿರಿ” ಎಂದರು. ಅಂದು ನನಗೆ ನಾಚಿಕೆಯಾಯಿತು. ಗಣಕಯಂತ್ರದ ದಾಖಲೆಗೂ ಅದೇ ನಿಯಮ. ಸೇರಿಸಬಹುದು, ಅಳಿಸಬಾರದು. ಆದರೆ ಗಣಕಯಂತ್ರದಲ್ಲಿ ಕೆರೆದ ಕಲೆ ಕಾಣುವುದಿಲ್ಲವಲ್ಲ! ಅದಕ್ಕೊಂದು ಉಪಾಯವಿದೆ. ಪ್ರತಿಯೊಂದು ನಮೂದಿನಿಂದಲೂ ಗಣಿತದ ಮೂಲಕ ಒಂದು ಸಂಖ್ಯೆಯನ್ನು ತೆಗೆದು ಅದನ್ನು ಮುಂದಿನ ನಮೂದಿನಲ್ಲಿ ಸೇರಿಸುತ್ತಾರೆ. ನಡುವಿನ ಒಂದಕ್ಷರವನ್ನು ಬದಲಿಸಿದರೂ ಸಂಖ್ಯೆ ತಾಳೆಯಾಗದೆ ಸರಪಳಿ ಅಲ್ಲಿಯೇ ಕಡಿಯುತ್ತದೆ. ಸರಪಳಿಯ ಒಂದು ಪ್ರತಿ ಬೇರೊಬ್ಬರ ವಶದಲ್ಲಿದ್ದರೆ, ಎಲ್ಲವನ್ನೂ ಹೊಸದಾಗಿ ಬರೆದರೂ ಮೋಸ ಬಯಲಾಗುತ್ತದೆ.

ಕಾನೂನುಗಳೂ ಇದನ್ನು ಗಮನಿಸಿವೆ. ಭಾರತದ ಕಂಪನಿಗಳು ಲೆಕ್ಕವಿಡಲು ಬಳಸುವ ತಂತ್ರಾಂಶವು ಪ್ರತಿ ಬದಲಾವಣೆಯನ್ನೂ ದಿನಾಂಕದೊಡನೆ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆಯ ಕಾಯಿದೆಯಲ್ಲಿ, ಹೆಚ್ಚು ಅಪಾಯದ ವರ್ಗದ ವ್ಯವಸ್ಥೆಗಳ ಇಂತಹ ದಾಖಲೆಗಳನ್ನು ಕನಿಷ್ಠ 6 ತಿಂಗಳು ಉಳಿಸಬೇಕೆಂದು ವಿಧಿಸಿದೆ. ನನಗೆ ಈ ಅವಧಿ ಸಾಲದೆನಿಸುತ್ತದೆ. ಮುಂಗಾರಿನಲ್ಲಿ ನೀರು ತಪ್ಪಿದ ರೈತನ ದೂರು ವಿಚಾರಣೆಗೆ ಬರುವ ವೇಳೆಗೆ ಹಿಂಗಾರಿಯ ರಾಶಿಯೂ ಮುಗಿದಿರುತ್ತದೆ.

ಬರೆದಿಟ್ಟದ್ದನ್ನು ಓದುವವರೂ ಬೇಕು. ಸಾರ್ವಜನಿಕ ಕಚೇರಿಯ ದಾಖಲೆಯನ್ನು ಕೇಳಿ ಪಡೆಯುವ ದಾರಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯು ಸಾಮಾನ್ಯನಿಗೂ ತೆರೆದಿದೆ. ಆದರೆ ಗೇಟಿನ ದಿನಚರಿಯು ಗೇಟಿನ ಸಂಗತಿಯನ್ನಷ್ಟೇ ಬಲ್ಲುದು. ಕಾಲುವೆಯ ಏರಿಯ ಮೇಲೆ ರಾತ್ರಿ ಪಂಪು ಕೂರಿಸಿ ನೀರೆತ್ತಿದರೆ ಅದು ಯಾವ ವಹಿಯಲ್ಲಿಯೂ ಮೂಡುವುದಿಲ್ಲ. ಮೇಲಿನ ಗೇಟಿನಲ್ಲಿ ಇಷ್ಟು ಬಿಟ್ಟೆವು, ಕೆಳಗಿನ ಗೇಟಿಗೆ ಇಷ್ಟೇ ಬಂದಿತು ಎಂಬ ಎರಡು ಅಂಕಿಗಳನ್ನು ದಾಖಲೆಯು ಮುಂದಿಡುತ್ತದೆ. ನಡುವೆ ಸೋರಿದುದೆಷ್ಟು, ಎತ್ತಿದುದೆಷ್ಟು ಎಂಬುದನ್ನು ತಿಳಿಯಲು ಇಂದಿಗೂ ಯಾರಾದರೂ ಆ ಏರಿಯ ಮೇಲೆ ನಡೆದು ಹೋಗಿ ನೋಡಬೇಕು.