ಅರ್ಥವಾದದ್ದಕ್ಕೆ ಅಂಕ ಕೊಡುವುದು ಹೇಗೆ?

ಫ್ರಾನ್ಸಿನಲ್ಲಿ ಪ್ರತಿ ವರ್ಷ ಜೂನ್ ತಿಂಗಳ ಒಂದು ದಿನ ಸುಮಾರು ಐದು ಲಕ್ಷ ಹುಡುಗ ಹುಡುಗಿಯರು ಫ್ರೆಂಚ್ ಭಾಷೆಯ ಪರೀಕ್ಷೆಗೆ ಕೂರುತ್ತಾರೆ. ಹೆಚ್ಚಿನವರ ವಯಸ್ಸು ಹದಿನಾರು, ಹದಿನೇಳು. ಮುಂದಿರುವ ಅವಧಿ ನಾಲ್ಕು ಗಂಟೆ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ ಎಂಬಂಥ ಪ್ರಶ್ನೆಗಳು ಅಲ್ಲಿಲ್ಲ. ಬಹುಪಾಲು ವಿದ್ಯಾರ್ಥಿಗಳು ಬರೆಯಬೇಕಾದದ್ದು ಒಂದೇ ಒಂದು ದೀರ್ಘ ಉತ್ತರ. ಅದನ್ನು ಎಂದೂ ಅವರ ಮುಖ ನೋಡಿರದ ಅಧ್ಯಾಪಕರೊಬ್ಬರು ಓದಿ, ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ.

‘ಬಕಲೊರಿಯಾ’ ಎಂಬ ಹೆಸರಿನ, ಎಲ್ಲರ ಬಾಯಲ್ಲಿ ‘ಬಾಕ್’ ಆಗಿರುವ ಶಾಲಾಂತ್ಯ ಪರೀಕ್ಷೆಯ ಒಂದು ಭಾಗ ಇದು. ಉಳಿದ ಬಹುತೇಕ ವಿಷಯಗಳ ಪರೀಕ್ಷೆ ಕೊನೆಯ ವರ್ಷ ನಡೆದರೆ, ಫ್ರೆಂಚ್ ಒಂದು ವರ್ಷ ಮೊದಲೇ ಮುಗಿಯುತ್ತದೆ. 2018ರಿಂದ ಜಾರಿಯಲ್ಲಿರುವ ‘ಪಾರ್ಕೂರ್‌ಸುಪ್’ ಎಂಬ ಪ್ರವೇಶ ವ್ಯವಸ್ಥೆಯಲ್ಲಿ ಕಾಲೇಜುಗಳು ಈ ಅಂಕಗಳನ್ನು ನೋಡುತ್ತವೆ. ಹಾಗಾಗಿ ಒಂದೆರಡು ಅಂಕದ ಏರುಪೇರು ಕೂಡ ಹುಡುಗರ ಪಾಲಿಗೆ ಸಣ್ಣ ಮಾತಲ್ಲ.

ಓದಿದ್ದು ಅರ್ಥವಾಗಿದೆಯೇ? ಅರ್ಥವಾದದ್ದನ್ನು ಬರೆಯಲು ಬರುತ್ತದೆಯೇ? ಇವೆರಡನ್ನು ಅಳೆಯುವುದು ಯಾವ ಭಾಷೆಯ ಅಧ್ಯಾಪಕರಿಗೂ ಕಷ್ಟದ ಕೆಲಸವೇ. ಈ ಕಷ್ಟದೊಡನೆ ಫ್ರೆಂಚರು ಬಹುಕಾಲದಿಂದ ಗುದ್ದಾಡುತ್ತ ಬಂದಿದ್ದಾರೆ. ಅಷ್ಟೇ ಅಲ್ಲ, ಅಳೆಯುವ ಕೋಲನ್ನೇ ಒಮ್ಮೆ ಅಳೆದು ನೋಡಿದ್ದಾರೆ. ಆಗ ಹೊರಬಿದ್ದ ಸಂಗತಿಗಳು ಅಂಕಪಟ್ಟಿ ಕೈಗೆ ಬಂದಾಗಲೆಲ್ಲ ನಾವೂ ನೆನೆಯಬೇಕಾದಂಥವು.

ಲ್ಯಾಟಿನ್ ಹೋಗಿ ಫ್ರೆಂಚ್ ಬಂದಿತು

ನೆಪೋಲಿಯನ್ 1808ರ ಮಾರ್ಚ್ 17ರಂದು ಹೊರಡಿಸಿದ ಶಾಸನದಿಂದ ಈ ಪರೀಕ್ಷೆ ಆಧುನಿಕ ರೂಪ ಪಡೆಯಿತು. ಮರುವರ್ಷ ನಡೆದ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಕೇವಲ 31 ಮಂದಿ. ಆಗ ಎಲ್ಲವೂ ಮೌಖಿಕ. ಲಿಖಿತ ಪರೀಕ್ಷೆ ಬಂದ ಮೇಲೂ ವಿದ್ವತ್ತಿನ ಗುರುತಾಗಿ ಉಳಿದದ್ದು ಲ್ಯಾಟಿನ್ ಭಾಷೆಯೇ. 1861ರವರೆಗೆ ಹೆಣ್ಣುಮಕ್ಕಳಾರೂ ಈ ಪರೀಕ್ಷೆ ಗೆದ್ದಿರಲಿಲ್ಲ. ಆ ವರ್ಷ ಲಿಯೋಂ ನಗರದಲ್ಲಿ ಜೂಲಿ ವಿಕ್ತೊಆರ್ ದೋಬಿಯೆ ಎಂಬಾಕೆ ಅದನ್ನು ದಾಟಿ ಮೊದಲಿಗರೆನಿಸಿದರು.

1880ರಲ್ಲಿ ದೊಡ್ಡ ತಿರುವು ಬಂದಿತು. ಜೂಲ್ ಫೆರಿ ಶಿಕ್ಷಣ ಸಚಿವರಾಗಿದ್ದ ಆ ಕಾಲದಲ್ಲಿ ಲ್ಯಾಟಿನ್ ಭಾಷಣ ರಚನೆಯ ಬದಲು ಫ್ರೆಂಚ್ ಪ್ರಬಂಧ ರಚನೆ ಜಾರಿಗೆ ಬಂದಿತು. ಸಂಸ್ಕೃತದಲ್ಲಿ ಶ್ಲೋಕ ಕಟ್ಟಬಲ್ಲವನೇ ಪಂಡಿತ ಎನ್ನುತ್ತಿದ್ದ ಕಾಲದಲ್ಲಿ, ‘ನಿನ್ನ ಕನ್ನಡದಲ್ಲಿ ಯೋಚಿಸಿ ಬರೆದು ತೋರಿಸು’ ಎಂದಂತಾಯಿತು ಅದು. ಕಂಠಪಾಠದ ಅಲಂಕಾರಗಳ ಜಾಗಕ್ಕೆ ವಿದ್ಯಾರ್ಥಿಯ ಸ್ವಂತ ಓದು ಬರಬೇಕೆಂಬುದು ಸುಧಾರಕರ ಆಸೆ.

ಇನ್ನೊಂದು ತಿರುವು 1968ರ ವಿದ್ಯಾರ್ಥಿ ಚಳವಳಿಯ ಸುತ್ತ ಬಂದಿತು. ಗಲಭೆಯ ಕಾರಣ ಆ ವರ್ಷ ಬಾಕ್ ಪೂರ್ತಿ ಮೌಖಿಕವಾಗಿ ನಡೆದು, ತೇರ್ಗಡೆಯಾದವರ ಪ್ರಮಾಣ ಶೇಕಡ 80ನ್ನು ದಾಟಿತು. ಫ್ರೆಂಚ್ ಪರೀಕ್ಷೆಯನ್ನು ಒಂದು ವರ್ಷ ಮುಂಚಿತವಾಗಿ ನಡೆಸುವ ಪದ್ಧತಿ ಶುರುವಾದದ್ದು 1969ರ ಸುಧಾರಣೆಯಿಂದ.

ನಾಲ್ಕು ಗಂಟೆಯಲ್ಲಿ ಏನು?

2019ರಲ್ಲಿ ಆರಂಭವಾದ ಹೊಸ ಕ್ರಮದ ಪ್ರಕಾರ ಸಾಮಾನ್ಯ ವಿಭಾಗದ ವಿದ್ಯಾರ್ಥಿಗೆ ಎರಡು ದಾರಿಗಳಿವೆ. ಒಂದು, ‘ಕೊಮಾಂತೇರ್’. ಹಿಂದೆ ಪಾಠವಾಗಿರದ ಒಂದು ಸಾಹಿತ್ಯ ಭಾಗವನ್ನು ಕೊಟ್ಟು ಅದನ್ನು ವಿಶ್ಲೇಷಿಸಲು ಹೇಳುತ್ತಾರೆ. ಇನ್ನೊಂದು, ‘ದಿಸೆರ್ತಾಸಿಯೋಂ’. ವರ್ಷವಿಡೀ ಓದಿದ ಕೃತಿಯೊಂದರ ಬಗ್ಗೆ ಪ್ರಶ್ನೆ ಎತ್ತಿ, ಪರ ವಿರೋಧಗಳನ್ನು ತೂಗಿ, ತರ್ಕಬದ್ಧವಾಗಿ ಪ್ರಬಂಧ ಬರೆಯಬೇಕು. ಇದಕ್ಕಾಗಿ ಕಾವ್ಯ, ಕಾದಂಬರಿ, ನಾಟಕ, ವಿಚಾರ ಸಾಹಿತ್ಯ ಎಂಬ ನಾಲ್ಕು ಗುಂಪುಗಳಲ್ಲಿ ತಲಾ ಮೂರರಂತೆ ಹನ್ನೆರಡು ಕೃತಿಗಳ ರಾಷ್ಟ್ರೀಯ ಪಟ್ಟಿಯಿದೆ. ಪ್ರತಿ ಗುಂಪಿನಿಂದ ಒಂದನ್ನು ಅಧ್ಯಾಪಕರು ಆರಿಸಿಕೊಳ್ಳುತ್ತಾರೆ. 2019ರ ಮೊದಲ ಪಟ್ಟಿಯಲ್ಲಿ ಬೋದಿಲೇರನ ಕವಿತೆಗಳಿದ್ದವು, ಸ್ತಾಂದಾಲನ ಕಾದಂಬರಿಯಿತ್ತು, ಬೆಕೆಟ್‌ನ ನಾಟಕವಿತ್ತು.

ತಾಂತ್ರಿಕ ವಿಭಾಗದವರಿಗೆ ದಿಸೆರ್ತಾಸಿಯೋಂ ಬದಲು ಸಂಕ್ಷೇಪ ಲೇಖನವಿದೆ. ಸುಮಾರು 1,000 ಪದಗಳ ವೈಚಾರಿಕ ಬರಹವನ್ನು ಕಾಲು ಭಾಗಕ್ಕೆ ಇಳಿಸಬೇಕು. ಶೇಕಡ 10ರಷ್ಟು ಹೆಚ್ಚು ಕಡಿಮೆಯಾದರೆ ಅಡ್ಡಿಯಿಲ್ಲ. ಬಳಸಿದ ಪದಗಳ ಸಂಖ್ಯೆಯನ್ನು ವಿದ್ಯಾರ್ಥಿಯೇ ಎಣಿಸಿ ಕೊನೆಯಲ್ಲಿ ನಮೂದಿಸಬೇಕು. ಇದಕ್ಕೆ 10 ಅಂಕ, ಅದೇ ವಿಷಯದ ಮೇಲಿನ ಸ್ವಂತ ಪ್ರಬಂಧಕ್ಕೆ 10 ಅಂಕ. ನಮ್ಮ ಕನ್ನಡ ಪತ್ರಿಕೆಯಲ್ಲಿ ಸಾರಾಂಶ ಬರೆದವರಿಗೆ ಇದರ ಕಷ್ಟ ಗೊತ್ತು. ಮುಖ್ಯವಾದದ್ದು ಯಾವುದು ಎಂದು ತಿಳಿಯದವರು ಚಿಕ್ಕದಾಗಿ ಬರೆಯಲಾರರು.

2002ರಿಂದ 2019ರವರೆಗೆ ಮೂರನೆಯ ದಾರಿಯೊಂದೂ ಇತ್ತು. ಕೊಟ್ಟ ಪಠ್ಯಗಳ ಆಧಾರದ ಮೇಲೆ ಕಾಲ್ಪನಿಕ ಪತ್ರವನ್ನೋ ಸಂವಾದವನ್ನೋ ಬರೆಯುವ ‘ಸೃಜನಶೀಲ ಬರವಣಿಗೆ’ ಅದು. ಹುಡುಗರ ಕಲ್ಪನೆಗೆ ರೆಕ್ಕೆ ಕೊಟ್ಟರೂ ಅಂಕ ಕೊಡುವವರ ಕೈಕಟ್ಟಿತು ಎಂಬ ಆಕ್ಷೇಪ ಅಧ್ಯಾಪಕ ವಲಯದಲ್ಲಿತ್ತು. ಹೊಸ ಕ್ರಮದಲ್ಲಿ ಅದನ್ನು ಕೈಬಿಡಲಾಯಿತು.

ಮರುಹೇಳಿದರೆ ಸಾಲದು

ವಿಶ್ಲೇಷಣೆಯ ಉತ್ತರದಲ್ಲಿ ಅತಿ ದೊಡ್ಡ ದೋಷ ಯಾವುದು? ಕಾಗುಣಿತದ ತಪ್ಪಲ್ಲ. ಕೊಟ್ಟ ಭಾಗವನ್ನೇ ಬೇರೆ ಮಾತಿನಲ್ಲಿ ಮರುಹೇಳುವುದು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ‘ಕತ್ತಲಾಯಿತು. ಅಜ್ಜಿ ಎರಡು ತಟ್ಟೆ ತೊಳೆದಿಟ್ಟಳು. ಬಾಗಿಲ ಅಗಳಿ ಹಾಕಲಿಲ್ಲ’ ಎಂಬ ಮೂರು ವಾಕ್ಯಗಳಿವೆ ಎನ್ನಿ. ‘ರಾತ್ರಿಯಾದಾಗ ಅಜ್ಜಿ ತಟ್ಟೆಗಳನ್ನು ತೊಳೆದು ಬಾಗಿಲು ತೆರೆದಿಟ್ಟಳು’ ಎಂದು ಬರೆದವನು ಓದಿದ್ದಾನೆ, ಆದರೆ ಅರ್ಥಮಾಡಿಕೊಂಡದ್ದಕ್ಕೆ ಸಾಕ್ಷಿ ಕೊಟ್ಟಿಲ್ಲ. ‘ಅಜ್ಜಿ ಯಾರನ್ನೋ ಕಾಯುತ್ತಿದ್ದಾಳೆ’ ಎಂದವನು ಒಂದು ಹೆಜ್ಜೆ ಮುಂದೆ ಹೋದ. ‘ಕಾಯುತ್ತಿದ್ದಾಳೆ ಎಂಬ ಮಾತನ್ನು ಲೇಖಕ ಎಲ್ಲೂ ಹೇಳಿಲ್ಲ, ಎರಡನೆಯ ತಟ್ಟೆ ಮತ್ತು ಹಾಕದ ಅಗಳಿ ಅದನ್ನು ಹೇಳುತ್ತವೆ, ಚಿಕ್ಕ ವಾಕ್ಯಗಳು ಆ ಮನೆಯ ಮೌನವನ್ನು ಕೇಳಿಸುತ್ತವೆ’ ಎಂದು ಬರೆದವನಿಗೆ ಹೆಚ್ಚಿನ ಅಂಕ. ಅಂದರೆ ಏನು ಹೇಳಿದೆ ಎಂಬುದರ ಜೊತೆಗೆ ಹೇಗೆ ಹೇಳಿದೆ ಎಂಬುದನ್ನೂ ಹಿಡಿಯಬೇಕು, ಪಠ್ಯದಿಂದಲೇ ಆಧಾರ ತೋರಿಸಬೇಕು.

ಲಿಖಿತದ ಜೊತೆಗೆ ಅಷ್ಟೇ ತೂಕದ ಮೌಖಿಕ ಪರೀಕ್ಷೆಯೂ ಇದೆ. ಅರ್ಧ ಗಂಟೆ ಸಿದ್ಧತೆ, ಇಪ್ಪತ್ತು ನಿಮಿಷ ಮಾತು. ತರಗತಿಯಲ್ಲಿ ಓದಿದ ಭಾಗವೊಂದನ್ನು ಗಟ್ಟಿಯಾಗಿ ಓದುವುದಕ್ಕೆ 2 ಅಂಕ, ಸಾಲುಸಾಲಾಗಿ ವಿವರಿಸುವುದಕ್ಕೆ 8, ಒಂದು ವ್ಯಾಕರಣ ಪ್ರಶ್ನೆಗೆ 2. ಉಳಿದ 8 ಅಂಕ ತಾನು ಮೆಚ್ಚಿ ಆರಿಸಿದ ಕೃತಿಯ ಬಗ್ಗೆ ಪರೀಕ್ಷಕರೊಡನೆ ನಡೆಸುವ ಮಾತುಕತೆಗೆ. ಬರೆಯುವಾಗ ತಡವರಿಸುವ ಹುಡುಗಿ ಮಾತಿನಲ್ಲಿ ಮಿಂಚಬಹುದು. ಇದರ ವಿರುದ್ಧವೂ ಆಗಬಹುದು. ಒಂದು ಅಳತೆಯ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ.

ಒಂದೇ ಉತ್ತರ, ಬೇರೆ ಬೇರೆ ಅಂಕ

ಹೀಗೆ ಬರೆದ ಉತ್ತರಕ್ಕೆ 11 ಅಂಕ ಬಂದರೆ ಅದು ನಿಜಕ್ಕೂ 11 ಆಗಿರುತ್ತದೆಯೇ? ಈ ಪ್ರಶ್ನೆಯ ಬೆನ್ನು ಹತ್ತಿದವರು ಆಂರಿ ಪಿಯೆರೋಂ ಎಂಬ ಮನೋವಿಜ್ಞಾನಿ. ಪರೀಕ್ಷೆಗಳನ್ನೇ ಅಧ್ಯಯನ ಮಾಡುವ ಶಾಸ್ತ್ರಕ್ಕೆ ‘ದೊಸಿಮೊಲೊಜಿ’ ಎಂದು ಅವರು ಹೆಸರಿಟ್ಟರು.

1930ರ ದಶಕದಲ್ಲಿ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಹಲವು ದೇಶಗಳಲ್ಲಿ ಪರೀಕ್ಷೆಗಳ ವಿಚಾರಣೆ ನಡೆಯಿತು. ಅದರ ಅಂಗವಾಗಿ ಫ್ರಾನ್ಸಿನಲ್ಲಿ ಲೋಜಿಯೆ ಮತ್ತು ವೀನ್‌ಬರ್ಗ್ ಎಂಬ ಸಂಶೋಧಕರು ಬಾಕ್‌ನ ಹಳೆಯ ಉತ್ತರ ಪತ್ರಿಕೆಗಳನ್ನು ಹೊರತೆಗೆದರು. ಪ್ರತಿ ವಿಷಯದಲ್ಲಿ ನೂರು ಪತ್ರಿಕೆಗಳು. ಅನುಭವಿ ಪರೀಕ್ಷಕರು ಹಲವರಿಗೆ ಅವನ್ನೇ ಕೊಟ್ಟು, ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿಯದಂತೆ ಮೌಲ್ಯಮಾಪನ ಮಾಡಿಸಿದರು.

ಫಲಿತಾಂಶ ದಿಗಿಲು ಹುಟ್ಟಿಸುವಂತಿತ್ತು. ಫ್ರೆಂಚ್ ಪ್ರಬಂಧದ ಒಂದೇ ಪತ್ರಿಕೆಗೆ ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳ ನಡುವೆ 13ರವರೆಗೂ ಅಂತರ ಕಂಡಿತು, ಅದೂ ಇಪ್ಪತ್ತಕ್ಕೆ! ಲೆಕ್ಕವೆಂದರೆ ಲೆಕ್ಕವೇ ಎಂದು ನಾವು ನಂಬುವ ಗಣಿತದಲ್ಲೂ ಗರಿಷ್ಠ ಅಂತರ 9 ಇತ್ತು. ಒಂದು ಪತ್ರಿಕೆಯ ‘ನಿಜವಾದ’ ಅಂಕ ಸಿಗಬೇಕಾದರೆ ಎಷ್ಟು ಪರೀಕ್ಷಕರ ಸರಾಸರಿ ತೆಗೆಯಬೇಕು ಎಂದೂ ಅವರು ಲೆಕ್ಕ ಹಾಕಿದರು. ಗಣಿತಕ್ಕೆ 13, ಫ್ರೆಂಚ್ ಪ್ರಬಂಧಕ್ಕೆ 78, ತತ್ವಶಾಸ್ತ್ರಕ್ಕೆ 127!

ಇದು ಪರೀಕ್ಷಕರ ಸೋಮಾರಿತನವೂ ಅಲ್ಲ, ಪಕ್ಷಪಾತವೂ ಅಲ್ಲ. ಒಬ್ಬರು ವಿಚಾರಕ್ಕೆ ಬೆಲೆ ಕೊಟ್ಟರೆ ಇನ್ನೊಬ್ಬರು ಭಾಷೆಯ ಶುದ್ಧಿಗೆ ಕೊಡುತ್ತಾರೆ. ಕೈ ಬಿಗಿಯವರು ಇರುತ್ತಾರೆ, ಧಾರಾಳಿಗಳೂ ಇರುತ್ತಾರೆ. ಎಕ್ಸ್ ಆನ್ ಪ್ರೊವಾನ್ಸ್ ನಗರದ ಸಂಶೋಧಕರು ಮುಂದೆ ಇನ್ನೊಂದು ಸೂಕ್ಷ್ಮ ತೋರಿಸಿಕೊಟ್ಟರು. ಸಾಧಾರಣ ಉತ್ತರವೊಂದು ಅತ್ಯುತ್ತಮ ಉತ್ತರದ ಹಿಂದೆಯೇ ಬಂದರೆ ಅದಕ್ಕೆ ಅಂಕ ಇಳಿಯುತ್ತದೆ, ಕಳಪೆ ಉತ್ತರದ ಹಿಂದೆ ಬಂದರೆ ಏರುತ್ತದೆ. ಅಂದರೆ ಕಟ್ಟಿನಲ್ಲಿ ನಿಮ್ಮ ಪತ್ರಿಕೆ ಯಾರದರ ಕೆಳಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈ ದೋಷ ತಗ್ಗಿಸಲು ಫ್ರಾನ್ಸಿನಲ್ಲಿ ಹಲವು ಏರ್ಪಾಡುಗಳಿವೆ. ವಿದ್ಯಾರ್ಥಿಯ ಹೆಸರು ಮೌಲ್ಯಮಾಪಕರಿಗೆ ಕಾಣದು. ಕೆಲಸ ಶುರುವಾಗುವ ಮುನ್ನ ಅವರೆಲ್ಲ ಒಟ್ಟಿಗೆ ಕೂತು ಮಾದರಿ ಉತ್ತರಗಳನ್ನು ಓದಿ, ಯಾವುದಕ್ಕೆ ಎಷ್ಟು ಎಂದು ಒಮ್ಮತಕ್ಕೆ ಬರುತ್ತಾರೆ. ಕೊನೆಗೆ ಅಂಕಗಳನ್ನು ಹೋಲಿಸಿ ಸರಿದೂಗಿಸುತ್ತಾರೆ. ಈಚಿನ ವರ್ಷಗಳಲ್ಲಿ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಓದಿಸಲಾಗುತ್ತಿದೆ. ಇಷ್ಟಾದರೂ ಒಂದು ಉತ್ತರವನ್ನು 78 ಮಂದಿ ಓದುವುದು ಸಾಧ್ಯವಿಲ್ಲವಲ್ಲ!

ಎಣಿಸಬಹುದಾದದ್ದು, ಎಣಿಸಲಾಗದ್ದು

ಹಾಗಾದರೆ ಎಣಿಸಲು ಬರುವುದನ್ನಷ್ಟೇ ಪರೀಕ್ಷಿಸಿದರೆ ಆಗದೇ? ಫ್ರೆಂಚರಿಗೆ ಪ್ರಿಯವಾದ ‘ದಿಕ್ತೇ’, ಅಂದರೆ ಉಕ್ತಲೇಖನ, ಅಂಥದ್ದೇ. ಅಲ್ಲಿ ತಪ್ಪು ಎಂದರೆ ಎಲ್ಲರಿಗೂ ತಪ್ಪೇ. ಪ್ರಾಥಮಿಕ ಶಾಲೆಯ ಕೊನೆಯ ತರಗತಿಯವರಿಗೆ ಒಂದೇ ಉಕ್ತಲೇಖನವನ್ನು ಹಲವು ವರ್ಷಗಳ ಅಂತರದಲ್ಲಿ ಕೊಟ್ಟು ಶಿಕ್ಷಣ ಸಚಿವಾಲಯ ಹೋಲಿಸಿದೆ. ಸರಾಸರಿ ತಪ್ಪುಗಳು 1987ರಲ್ಲಿ 10.7 ಇದ್ದದ್ದು 2021ರಲ್ಲಿ 19.4ಕ್ಕೆ ಏರಿದ್ದವು. ಈ ಅಂಕಿಯ ಬಗ್ಗೆ ಜಗಳವಿಲ್ಲ. ಆದರೆ ಉಕ್ತಲೇಖನದಲ್ಲಿ ಒಂದೂ ತಪ್ಪು ಮಾಡದ ಮಗು ತಾನು ಬರೆದದ್ದನ್ನು ಅರ್ಥಮಾಡಿಕೊಂಡಿದೆಯೇ ಎಂಬುದು ಅದರಿಂದ ತಿಳಿಯದು. ನಿಖರವಾಗಿ ಅಳೆಯಲು ಹೊರಟರೆ ಅಳೆಯಬೇಕಾದದ್ದೇ ಕೈಜಾರುತ್ತದೆ.

ಇತ್ತ ದೀರ್ಘ ಉತ್ತರದ ಪರೀಕ್ಷೆಗೆ ಹುಡುಗರದೇ ಬೇರೆ ತಕರಾರು. 2014ರಲ್ಲಿ ವಿಕ್ಟರ್ ಹ್ಯೂಗೋನ ಕವಿತೆಯೊಂದು ಅರ್ಥವಾಗಲಿಲ್ಲವೆಂದು ಸಾಮಾಜಿಕ ಜಾಲತಾಣದಲ್ಲಿ ಸತ್ತ ಕವಿಯ ಮೇಲೆಯೇ ಮುಗಿಬಿದ್ದರು. 2022ರಲ್ಲಿ ಪ್ರಶ್ನೆಪತ್ರಿಕೆಗೆ ಬಂದದ್ದು ಸಿಲ್ವಿ ಜೆರ್ಮ್ಯಾಂ ಎಂಬ ಲೇಖಕಿಯ ಕಾದಂಬರಿಯ ಭಾಗ, ಕಾಡಿನಲ್ಲಿ ಬೆಳೆದ ಅಣ್ಣತಮ್ಮಂದಿರ ಚಿತ್ರಣ. ಸಿಟ್ಟಿಗೆದ್ದ ವಿದ್ಯಾರ್ಥಿಗಳು ಆಕೆಯನ್ನು ಬೈದು ಬರೆದದ್ದು ದೊಡ್ಡ ಸುದ್ದಿಯಾಯಿತು. ಬೈಗುಳವನ್ನು ಒಪ್ಪಲಾಗದು. ಆದರೆ ಮನೆಯಲ್ಲಿ ಪುಸ್ತಕಗಳಿರುವ ಹುಡುಗನಿಗೂ ಇಲ್ಲದ ಹುಡುಗನಿಗೂ ಒಂದೇ ಅಪರಿಚಿತ ಪುಟ ಕೊಡುವುದು ಎಷ್ಟು ನ್ಯಾಯ ಎಂಬ ಪ್ರಶ್ನೆ ಅದರ ಹಿಂದಿದೆ.

ಕಲಿತ ಭಾಷೆಗೆ ಬೇರೆ ಅಳತೆ

ಫ್ರೆಂಚನ್ನು ಪರಭಾಷೆಯಾಗಿ ಕಲಿಯುವವರ ಪರೀಕ್ಷೆ ಇನ್ನೊಂದು ಬಗೆಯದು. ಕರ್ನಾಟಕದಲ್ಲೂ ಪಿಯುಸಿಯಲ್ಲಿ ಫ್ರೆಂಚ್ ಆರಿಸಿಕೊಳ್ಳಲು ಅವಕಾಶವಿದೆ. 1979ರಲ್ಲಿ ಆರಂಭವಾದ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತು ‘ಡೆಲ್ಫ್’ ಎಂಬ ಪರೀಕ್ಷೆ ಬರೆಯುವವರಿದ್ದಾರೆ. ಫ್ರಾನ್ಸಿನ ಶಿಕ್ಷಣ ಸಚಿವಾಲಯವೇ ಪ್ರಮಾಣಪತ್ರ ಕೊಡುವ ಈ ಪರೀಕ್ಷೆ 1985ರಲ್ಲಿ ಶುರುವಾಯಿತು. ಶಾಲಾ ಮಕ್ಕಳಿಗೆಂದೇ ಇದರದೊಂದು ಆವೃತ್ತಿಯಿದೆ.

ಇಲ್ಲಿ ಕೇಳಿ ತಿಳಿಯುವುದು, ಓದಿ ತಿಳಿಯುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. ತೇರ್ಗಡೆಗೆ ನೂರಕ್ಕೆ 50 ಬೇಕು, ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ‘ಬಿ2’ ಮಟ್ಟದಲ್ಲಿ ಕನಿಷ್ಠ 250 ಪದಗಳಲ್ಲಿ ತನ್ನ ನಿಲುವನ್ನು ವಾದಿಸಿ ಬರೆಯಬೇಕು. ಮೌಲ್ಯಮಾಪಕರ ಮುಂದೆ ಅಂಶವಾರು ಕೋಷ್ಟಕ ಇರುತ್ತದೆ: ಕೇಳಿದ್ದನ್ನು ಬರೆದಿದೆಯೇ, ವಾದ ಜೋಡಣೆಯಾಗಿದೆಯೇ, ಪದಸಂಪತ್ತು ಎಷ್ಟು, ವ್ಯಾಕರಣ ಹೇಗಿದೆ. ಈ ಭಾಷೆಯಿಂದ ನೀನು ಏನು ಮಾಡಬಲ್ಲೆ ಎಂದು ಡೆಲ್ಫ್ ಕೇಳಿದರೆ, ಈ ಪುಟದಲ್ಲಿ ನೀನು ಏನು ಕಂಡೆ ಎಂದು ಬಾಕ್ ಕೇಳುತ್ತದೆ. ಮೊದಲನೆಯದನ್ನು ಅಂಶಗಳಾಗಿ ಬಿಡಿಸುವುದು ಸುಲಭ, ಎರಡನೆಯದು ಅಷ್ಟು ಸುಲಭವಲ್ಲ.

ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನಗಳಲ್ಲಿ ಮರುಮೌಲ್ಯಮಾಪನದಿಂದ ಅಂಕ ಏರಿದ ಸುದ್ದಿಗಳನ್ನು ಓದುತ್ತಲೇ ಇರುತ್ತೇವೆ. ಯಾರದೋ ನಿರ್ಲಕ್ಷ್ಯ ಎಂದು ಸುಮ್ಮನಾಗುತ್ತೇವೆ. ಎಲ್ಲವೂ ನಿರ್ಲಕ್ಷ್ಯವಲ್ಲ ಎಂಬುದನ್ನು ಫ್ರಾನ್ಸಿನ ಆ ಹಳೆಯ ನೂರು ಪತ್ರಿಕೆಗಳು ತಿಳಿಸುತ್ತವೆ. ಶ್ರದ್ಧೆಯಿಂದ ಓದಿದ ಇಬ್ಬರೂ ಬೇರೆ ಬೇರೆ ಅಂಕ ಕೊಟ್ಟಾರು. ಹಾಗೆಂದು ಫ್ರೆಂಚರು ದೀರ್ಘ ಉತ್ತರವನ್ನು ಕೈಬಿಟ್ಟಿಲ್ಲ. ಹದಿನೇಳರ ಹುಡುಗಿಯೊಬ್ಬಳು ನಾಲ್ಕು ಗಂಟೆ ಕೂತು ಒಂದು ಪುಟದ ಬಗ್ಗೆ ತನಗೆ ತೋಚಿದ್ದನ್ನು ಬರೆಯುವುದು, ಅದನ್ನು ಇನ್ನೊಬ್ಬ ಮನುಷ್ಯ ಕೂತು ಓದುವುದು ಬೇಕೆಂದೇ ಉಳಿಸಿಕೊಂಡಿದ್ದಾರೆ. ಬಂದ ಅಂಕ 9 ಆಗಿದ್ದರೆ ಅದು ಒಬ್ಬರು ಒಂದು ದಿನ ಓದಿ ಕೊಟ್ಟ ಅಭಿಪ್ರಾಯ. ಇನ್ನೊಬ್ಬರ ಕೈಯಲ್ಲಿ ಅದು 11 ಆಗಬಹುದಿತ್ತು. ಅಂಕಪಟ್ಟಿ ಹಿಡಿದು ನಿಂತ ಮಗುವಿಗೆ ಮನೆಯವರು ಹೇಳಬೇಕಾದ ಮಾತು ಇದೇ ಇರಬಹುದು.