ಮಕ್ಕಳ ಹೆಸರಲ್ಲಿ ಲಾಟರಿ: ಬಂದರೆ ಹಣ ಯಾರದು, ತೆರಿಗೆ ಯಾರ ತಲೆಗೆ?

ತಲಪಾಡಿ ದಾಟಿ ತೂಮಿನಾಡು, ಕುಂಜತ್ತೂರು, ಹೊಸಂಗಡಿ ಕಡೆ ಹೋದರೆ ರಸ್ತೆ ಬದಿಯಲ್ಲೇ ಲಾಟರಿ ಅಂಗಡಿ. ಉಪ್ಪಳದ ಮದುವೆಗೋ ಮಂಜೇಶ್ವರದ ಕುಟುಂಬದವರ ಮನೆಗೋ ಹೋದವರು ಬರುವಾಗ ಒಂದೆರಡು ಟಿಕೆಟ್ ಕಿಸೆಗೆ ಹಾಕಿಕೊಂಡು ಬರುವುದು ನಮ್ಮ ಕಡೆ ಹೊಸತೇನಲ್ಲ. ಕೆಲವರು ಅದನ್ನು ಮಕ್ಕಳ ಕೈಗೆ ಕೊಡುತ್ತಾರೆ. "ಮಕ್ಕಳ ಕೈಗುಣ ಒಳ್ಳೇದು, ಬಂದರೆ ನಿನಗೇ" ಅನ್ನುತ್ತಾರೆ. ಪೆರ್ನಾಲಿನ ಹಣದ ಜೊತೆ ಒಂದು ಟಿಕೆಟ್ ಸೇರಿಸುವ ಮಾಮಂದಿರೂ ಇದ್ದಾರೆ. ಕೇಳಿದರೆ, ಸುಮ್ಮನೆ ತಮಾಷೆಗೆ ಎಂಬ ಉತ್ತರ.

ಜೂಜು ನಮಗೆ ಹರಾಮ್ ಎಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಕುರ್‌ಆನಿನ ಅಲ್ ಮಾಇದ ಅಧ್ಯಾಯದಲ್ಲಿ ಮದ್ಯದ ಜೊತೆಗೇ ಅದರ ಹೆಸರಿದೆ. "ನಾನು ಆಡಿಲ್ಲ, ಮಗುವಿನ ಹೆಸರಲ್ಲಿ ತೆಗೆದದ್ದು" ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಬಾಲಿಗ್ ಆಗದ ಮಗುವಿನ ಮೇಲೆ ಹೊಣೆಯಿಲ್ಲ, ಕೊಟ್ಟವರ ಮೇಲಿದೆ. ದೇಶದ ಕಾನೂನು ಮತ್ತು ತೆರಿಗೆಯ ಲೆಕ್ಕವೂ ಕೊನೆಗೆ ದೊಡ್ಡವರ ಹತ್ತಿರವೇ ಬಂದು ನಿಲ್ಲುತ್ತದೆ. ಅದು ಹೇಗೆ ಎಂಬುದನ್ನು ನಾವಿಲ್ಲಿ ಬಿಡಿಸಿ ನೋಡೋಣ.

ಗಡಿಯ ಆಚೆ, ಈಚೆ

ಕೇರಳದಲ್ಲಿ ಲಾಟರಿ ಸರ್ಕಾರವೇ ನಡೆಸುವ ವ್ಯವಹಾರ. 1967ರಲ್ಲಿ ಶುರುವಾಗಿ, ಮೊದಲ ಡ್ರಾ 1968ರ ಜನವರಿ 26ರಂದು ನಡೆಯಿತು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ಬಾಗಲಕೋಟೆ ಜಿಲ್ಲೆಯ ಬೇವೂರಿನಿಂದ ನಮ್ಮ ತಲಪಾಡಿಯವರೆಗೆ ಇಲ್ಲಿ ಟಿಕೆಟ್ ಮಾರುವಂತಿಲ್ಲ. ಕೇಂದ್ರದ 1998ರ ಲಾಟರಿ ಕಾಯ್ದೆಯ ಪ್ರಕಾರ, ಬೇರೆ ರಾಜ್ಯದ ಟಿಕೆಟ್ ಮಾರಾಟವನ್ನು ತಡೆಯುವ ಅಧಿಕಾರ ಪ್ರತಿ ರಾಜ್ಯಕ್ಕೂ ಇದೆ. ಅದೇ ಕಾಯ್ದೆ, ಕಾನೂನಿಗೆ ವಿರುದ್ಧವಾದ ಲಾಟರಿಯ ಟಿಕೆಟ್ ಮಾರಿದವರಿಗೆ, ಹಂಚಿದವರಿಗೆ, ಕೊಂಡವರಿಗೂ 2 ವರ್ಷದವರೆಗೆ ಕಠಿಣ ಸಜೆ ಅಥವಾ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆಚೆ ಕೊಂಡು ಕಿಸೆಯಲ್ಲಿಟ್ಟು ತರುವುದು ಬೇರೆ; ಕಟ್ಟು ತಂದು ಊರಲ್ಲಿ ಮಾರುವುದು, ಅದಕ್ಕೆ ಮಕ್ಕಳನ್ನು ಓಡಾಡಿಸುವುದು ಬೇರೆ.

ಬಹುಮಾನ ಕೇಳುವವರು ಯಾರು?

ಬಂಪರ್ ಬಂದೇ ಬಿಟ್ಟಿತು ಎಂದಿಟ್ಟುಕೊಳ್ಳಿ. 2024ರ ತಿರುವೋಣಂ ಬಂಪರ್‌ನ 25 ಕೋಟಿ ಕರ್ನಾಟಕದವರೊಬ್ಬರಿಗೇ ಬಂದಿತ್ತಲ್ಲ! ಟಿಕೆಟ್‌ನ ಹಿಂದೆ ಹೆಸರು, ವಿಳಾಸ ಬರೆದು ಸಹಿ ಹಾಕಿ ಡ್ರಾ ಆದ 30 ದಿನದೊಳಗೆ ಒಪ್ಪಿಸಬೇಕು. ಬರೆದ ಹೆಸರು ಮಗುವಿನದಾದರೆ ಗಂಟು ಅಲ್ಲೇ ಬೀಳುತ್ತದೆ. 18 ತುಂಬದವರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವರ ಪರವಾಗಿ ಪೋಷಕರೇ ಮುಂದೆ ಬರಬೇಕು.

ನಮ್ಮ ಮನೆಗಳು ಇಲ್ಲೊಂದು ವಿಷಯ ತಿಳಿದಿರಬೇಕು. ಮುಸ್ಲಿಂ ವೈಯಕ್ತಿಕ ಕಾನೂನಿನಂತೆ ಅಪ್ರಾಪ್ತ ಮಗುವಿನ ಆಸ್ತಿಗೆ ತಂದೆ ಪೋಷಕ. ತಂದೆ ಇಲ್ಲದಿದ್ದರೆ ಅವರು ವಸಿಯತ್ತಿನಲ್ಲಿ ನೇಮಿಸಿದವರು, ಆಮೇಲೆ ತಂದೆಯ ತಂದೆ. ತಾಯಿ ತಾನಾಗಿಯೇ ಆಸ್ತಿಯ ಪೋಷಕಿ ಆಗುವುದಿಲ್ಲ. ಅವರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದ ಆದೇಶ ತರಬೇಕು. ಕೋರ್ಟಿನ ಕೆಲಸ 30 ದಿನದಲ್ಲಿ ಮುಗಿಯುವುದು ಕಷ್ಟ. ತಂದೆಯಿಲ್ಲದ ಮಗುವಿಗೆ ಪ್ರೀತಿಯಿಂದ ಕೊಟ್ಟ ಟಿಕೆಟ್ ಅದರ ಉಮ್ಮನನ್ನು ಕೋರ್ಟಿಗೆ ಅಲೆಸಬಹುದು. ಲಾಟರಿ ಮಾತ್ರ ಅಲ್ಲ, ಮಗುವಿನ ಹೆಸರಿಗೆ ಬರುವ ಜಾಗ, ಪರಿಹಾರದ ಹಣಕ್ಕೂ ಇದೇ ನಿಯಮ.

ತೆರಿಗೆ ತಂದೆ ತಾಯಿಗೆ

ಟಿಕೆಟ್ ಉಡುಗೊರೆ ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ತೆರಿಗೆ ಇರುವುದು ಗೆದ್ದ ಹಣಕ್ಕೆ. ಬಹುಮಾನ 10,000 ರೂಪಾಯಿ ದಾಟಿದರೆ ಶೇ. 30 ಹಿಡಿದುಕೊಂಡೇ ಉಳಿದದ್ದನ್ನು ಕೊಡುತ್ತಾರೆ. 1 ಲಕ್ಷ ಗೆದ್ದರೆ 30,000 ತೆರಿಗೆ, ಅದರ ಮೇಲೆ ಶೇ. 4 ಸೆಸ್ 1,200, ಒಟ್ಟು 31,200. "ನಮಗೆ ಬೇರೆ ಆದಾಯವೇ ಇಲ್ಲ" ಎಂದರೂ ಸಾಮಾನ್ಯ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸದು. ಬಾರದೆ ಹೋದ ಟಿಕೆಟ್‌ಗಳ ಖರ್ಚನ್ನು ಕಳೆಯಲೂ ಆಗದು. 2025ರ ಸೆಪ್ಟೆಂಬರ್ 22ರಿಂದ ಲಾಟರಿಗೆ ಜಿಎಸ್‌ಟಿಯೂ ಶೇ. 40 ಆಗಿದೆ. 50 ರೂಪಾಯಿಯ ಟಿಕೆಟ್‌ನಲ್ಲಿ 14 ರೂಪಾಯಿಗೂ ಹೆಚ್ಚು ತೆರಿಗೆಯೇ.

ಗೆದ್ದದ್ದು ಮಗುವಾದರೆ ಆ ಆದಾಯ ತಂದೆ ತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಮಗು ತನ್ನ ಪ್ರತಿಭೆಯಿಂದಲೋ ದುಡಿಮೆಯಿಂದಲೋ ಗಳಿಸಿದರೆ ಮಾತು ಬೇರೆ, ಲಾಟರಿ ಪ್ರತಿಭೆಯಲ್ಲ. ಕೂಲಿ ಮಾಡುವ ತಂದೆಯ ಆದಾಯ ಒಂದು ವರ್ಷ ಕಾಗದದ ಮೇಲೆ ಲಕ್ಷಗಟ್ಟಲೆ ಏರಿದರೆ ಬಿಪಿಎಲ್ ಕಾರ್ಡ್, ಮಕ್ಕಳ ವಿದ್ಯಾರ್ಥಿವೇತನದ ಆದಾಯ ಮಿತಿ, ಮನೆಯಾಕೆಯ ಗೃಹಲಕ್ಷ್ಮಿ ಹಣ, ಎಲ್ಲದಕ್ಕೂ ಪ್ರಶ್ನೆ ಏಳಬಹುದು. ಬಂದ ಹಣವನ್ನು ಮತ್ತೆ ಮಗುವಿನ ಹೆಸರಿಗೆ ಹಾಕಿದರೆ ಆ ಉಡುಗೊರೆಗೆ ತೆರಿಗೆ ಇಲ್ಲ, ಆದರೆ 18 ತುಂಬುವವರೆಗೆ ಅದರಿಂದ ಬರುವ ಆದಾಯವೂ ಪೋಷಕರದ್ದೇ.

ಗಲ್ಫಿನ ಟಿಕೆಟ್

ಗಲ್ಫಿನಲ್ಲಿರುವ ಕೆಲವರು ಊರಲ್ಲಿರುವ ಮಕ್ಕಳ ಹೆಸರಲ್ಲಿ ಅಲ್ಲಿನ ಟಿಕೆಟ್ ತೆಗೆಯುವ ಯೋಚನೆ ಮಾಡುವುದುಂಟು. ಭಾರತದಲ್ಲಿ ನೆಲೆಸಿದವರ ವಿದೇಶದ ಗಳಿಕೆಗೂ ಇಲ್ಲಿ ತೆರಿಗೆ ಇದೆ. ಊರಿನಿಂದ ಹಣ ಕಳುಹಿಸಿ ವಿದೇಶದ ಲಾಟರಿ ಕೊಳ್ಳುವುದನ್ನಂತೂ ಫೆಮಾ ಅಡಿಯ 2000ನೇ ಇಸವಿಯ ನಿಯಮಗಳು ಪೂರ್ತಿ ನಿಷೇಧಿಸಿವೆ.

ಹಾಗಾದರೆ ಮಕ್ಕಳಿಗೆ ಏನು ಕೊಡೋಣ? 50 ರೂಪಾಯಿ ಕೊಡುವುದಿದ್ದರೆ 50 ರೂಪಾಯಿಯನ್ನೇ ಕೊಡೋಣ. 10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆಯನ್ನು ಬ್ಯಾಂಕುಗಳು ತೆರೆದುಕೊಡಬಹುದು. ಪೆರ್ನಾಲಿಗೆ ಬಂದದ್ದನ್ನು ಮಗು ತಾನೇ ಹೋಗಿ ಖಾತೆಗೆ ಹಾಕಿ ಬರಲಿ. ಆ ಹಣ ಕೇಳಲು ಕೋರ್ಟಿಗೆ ಹೋಗಬೇಕಿಲ್ಲ, ಡ್ರಾ ದಿನಕ್ಕೆ ಕಾಯಬೇಕಿಲ್ಲ.