ಸೂಜಿ ಹಿಡಿದರೆ ಗುಳೆ ತಪ್ಪೀತೇ?

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ, ತಿಕೋಟಾ ಕಡೆಯ ಒಣದ್ರಾಕ್ಷಿ ಕಟ್ಟಿಸಿಕೊಂಡು ಹೊರಡುತ್ತಾರೆ. ಆ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವ ಲಂಬಾಣಿ ಹೆಂಗಸರ ಕೈಯಲ್ಲಿ ಇನ್ನೊಂದು ಕಸುಬೂ ಇದೆ. ಆಶಾ ಪಾಟೀಲ ಅವರು ಕಟ್ಟಿದ ‘ಬಂಜಾರಾ ಕಸೂತಿ’ ಸಂಸ್ಥೆ ಆ ಕಸುಬಿನ ಬೆನ್ನು ಹತ್ತಿದೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದ ತಾಂಡಾಗಳ ಹೆಂಗಸರೇ ಇಲ್ಲಿಯ ಕುಶಲಕರ್ಮಿಗಳು.

ಹೆಸರಿನಲ್ಲಿ ಕಸೂತಿ ಇದ್ದರೂ ಇದು ಧಾರವಾಡದ ಕಸೂತಿಯಲ್ಲ. ಅಲ್ಲಿ ಬಟ್ಟೆಯ ಎಳೆ ಎಣಿಸಿ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಮೂಡಿಸುತ್ತಾರೆ. ಲಂಬಾಣಿ ಕೆಲಸಕ್ಕೆ ಅಷ್ಟು ಸಂಕೋಚವಿಲ್ಲ. ಕೆಂಪು, ನೀಲಿ ಬಟ್ಟೆಯ ಮೇಲೆ ಹಳದಿ, ಹಸಿರು, ಬಿಳಿ ದಾರ; ನಡುನಡುವೆ ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಅಂಚಿಗೆ ಗೊಂಡೆ. ಹೊಲಿಗೆಗಳು ಹದಿನಾಲ್ಕು ಬಗೆ ಎನ್ನುತ್ತಾರೆ: ಕಿಲನ್, ವೇಲೆ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೊ, ಗಾದ್ರಿ, ನಾಕ್ರಾ... ಪಟ್ಟಿಯಲ್ಲಿ ಕೌದಿಯೂ ಉಂಟು. ಹಳೆ ಸೀರೆ, ಧೋತರಗಳನ್ನು ಪದರ ಪದರ ಸೇರಿಸಿ ಕೌದಿ ಹೊಲಿಯುವುದು ಈ ಸೀಮೆಯ ಎಲ್ಲ ಮನೆಗಳಿಗೂ ಗೊತ್ತಿದ್ದ ಕೆಲಸವೇ.

ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದಖ್ಖನ್ ತಿರುಗುತ್ತಿದ್ದ ಸಮುದಾಯ ಲಂಬಾಣಿಗಳದು. ರೈಲು ಬಂದು ಆ ವ್ಯಾಪಾರ ಮುರಿಯಿತು. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ ಮಾತ್ರ ಉಳಿದವು. ತನ್ನ ಲಂಗ, ರವಿಕೆಗೆ ತಾನೇ ಹೊಲಿದುಕೊಳ್ಳುವುದು ತಾಂಡಾದ ಹೆಣ್ಣಿನ ರೂಢಿಯಾಗಿತ್ತು. ಇಂದಿನ ಹುಡುಗಿಯರು ಸೀರೆ, ಚೂಡಿದಾರಕ್ಕೆ ಒಗ್ಗಿದ್ದಾರೆ. ಕನ್ನಡಿ, ಕವಡೆಗಳ ಆ ಭಾರ ಹೊತ್ತು ಬಿಸಿಲಲ್ಲಿ ಕಳೆ ತೆಗೆಯಿರಿ ಎಂದು ಅವರಿಗೆ ಹೇಳುವ ಹಕ್ಕು ನಮಗಿಲ್ಲ. ಹಾಗಾಗಿ ಕಸೂತಿ ಈಗ ರವಿಕೆ, ಸೀರೆ, ಚೀಲಗಳ ಮೇಲೇರಿ ಪೇಟೆಗೆ ಹೊರಟಿದೆ.

ಕೈಹೊಲಿಗೆ ಮನಸ್ಸಿಗೆ ಒಳ್ಳೆಯದು ಎಂಬ ಮಾತು ಈಚೆಗೆ ಜೋರಾಗಿ ಕೇಳುತ್ತಿದೆ. ಆಧಾರವಿಲ್ಲದ ಮಾತೇನಲ್ಲ. ಬ್ರಿಟನ್ನಿನ ಔದ್ಯೋಗಿಕ ಚಿಕಿತ್ಸಾ ಪತ್ರಿಕೆಯೊಂದರಲ್ಲಿ 2013ರಲ್ಲಿ ಬಂದ ಸಮೀಕ್ಷೆಗೆ ಹಲವು ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣಿಗೆ ಹಿಡಿಯುವವರು ಹೆಚ್ಚು ಸಮಾಧಾನದಿಂದ, ಖುಷಿಯಿಂದ ಇರುವುದಾಗಿ ಹೇಳಿಕೊಂಡರು. ಜೊತೆಯಾಗಿ ಕೂತು ಹೆಣೆಯುವವರ ಅನುಭವ ಇನ್ನೂ ಚೆನ್ನಾಗಿತ್ತು. ಆದರೆ ಅವರೆಲ್ಲ ಹೆಣೆದದ್ದು ತಮ್ಮ ಇಷ್ಟಕ್ಕೆ, ತಮ್ಮ ಬಿಡುವಿನಲ್ಲಿ. ನಾಳೆ ಸಂಜೆಯೊಳಗೆ ಇಪ್ಪತ್ತು ಚೀಲ ಮುಗಿಸಬೇಕು ಎಂದು ಕೂತವಳಿಗೆ ಸೂಜಿ ಧ್ಯಾನವಾಗುವುದಿಲ್ಲ, ಕಣ್ಣುರಿಯಾಗುತ್ತದೆ.

ತಾಂಡಾದ ನೆಮ್ಮದಿಯ ಲೆಕ್ಕವೇ ಬೇರೆ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಮಹಾರಾಷ್ಟ್ರದ ಕಡೆ ಹೊರಡುತ್ತವೆ; ಮುಂಗಡ ಹಣ ಕೈಸೇರಿದ್ದರೆ ಗಂಡ ಹೆಂಡತಿ ಇಬ್ಬರೂ ಹೋಗಲೇಬೇಕು. ಮಕ್ಕಳು ಶಾಲೆ ಬಿಟ್ಟು ಜೊತೆಗೆ ನಡೆಯುತ್ತವೆ, ಇಲ್ಲವೆ ಅಜ್ಜಿಯ ಹತ್ತಿರ ಉಳಿಯುತ್ತವೆ. ಇನ್ನು ಕೆಲವರದು ಗೋವೆ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸ. ಕಸೂತಿಯ ದುಡ್ಡು ಈ ಗುಳೆಯನ್ನು ಒಂದು ವರ್ಷ ತಪ್ಪಿಸಿದರೂ ಹೊಲಿಯುವವಳ ನಿದ್ದೆ ತಾನಾಗಿ ಸುಧಾರಿಸುತ್ತದೆ. ಮಧ್ಯಾಹ್ನ ನಾಲ್ಕು ಜನ ನೆರಳಿಗೆ ಕೂತು, ತಮ್ಮ ಗೋರಮಾಟಿ ನುಡಿಯಲ್ಲಿ ಮಾತಾಡುತ್ತಾ ಹೊಲಿಯುವ ಸುಖ ಅದರ ಮೇಲೆ ಬರುವಂಥದ್ದು. ಈ ಕ್ರಮ ತಲೆಕೆಳಗಾದರೆ ನಾವು ಬಡತನಕ್ಕೆ ಚಂದದ ಹೆಸರಿಡುತ್ತಿದ್ದೇವೆ, ಅಷ್ಟೆ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಹೆಂಗಸರ ಕೈಯ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ವಿಜಯಪುರದವರ ಎದುರಿಗಿರುವ ಪೈಪೋಟಿ ಸಂಡೂರಿನದಲ್ಲ, ಯಂತ್ರದ್ದು. ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ‘ಮಿರರ್ ವರ್ಕ್’ ಜಾತ್ರೆಯ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವ ಮುಂಚೆ ಬಟ್ಟೆಯನ್ನು ಮಗುಚಿ ನೋಡಿ. ಯಂತ್ರದ್ದಾದರೆ ಹಿಂಬದಿಯಲ್ಲಿ ಬಾಬಿನ್ ದಾರ ಒಂದೇ ಸಮ ಓಡಿರುತ್ತದೆ. ಕೈಯದಾದರೆ ದಾರ ಮುಗಿದಲ್ಲಿ ಗಂಟು, ಸೂಜಿ ತಿರುಗಿದಲ್ಲಿ ಅಡ್ಡಾದಿಡ್ಡಿ ಎಳೆ. ಬೆಲೆ ಕೇಳುವುದು ಆಮೇಲೆ.